ಒಂದೇ ಡಬ್ಬ, ಎರಡು ಕಂಪ್ಯೂಟರ್

ಲಿನಕ್ಸ್ ಬಿಡೋಕೆ ಮನಸ್ಸಿಲ್ಲ. ಆದರೆ ಕೆಲಸಕ್ಕೆ ಬೇಕಾದ ಒಂದು ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಅದಕ್ಕೇ ಲಿನಕ್ಸ್ ಒಳಗೇ ವಿಂಡೋಸ್ ಓಡಿಸುವ ವರ್ಚುವಲ್ ಮಷಿನ್ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಮಾಡಿ, ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಅದಕ್ಕೇ ಕೊಟ್ಟುಬಿಟ್ಟೆ. ಲಿನಕ್ಸ್‌ಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಸಾಕು. ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡನ್ನು -k ಜೊತೆ ಕೊಟ್ಟು ನೋಡಿದರೆ ಕಾರ್ಡ್ ಕೆಳಗೆ ಡ್ರೈವರ್ ಹೆಸರು ವಿಎಫ್‌ಐಒ-ಪಿಸಿಐ ಅಂತ ಬರುತ್ತದೆ, ಅಂದರೆ ಕಾರ್ಡ್ ವರ್ಚುವಲ್ ಮಷಿನ್‌ಗೆ ಮೀಸಲಾಗಿದೆ. ಆ ಸಾಲು ನೋಡೋದೇ ಒಂದು ಖುಷಿ.

ಇದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಐಒಎಂಎಂಯು, ಅಂದರೆ ಸಾಧನಗಳು ಮೆಮೊರಿ ಮುಟ್ಟುವುದನ್ನು ಕಾಯುವ ಹಾರ್ಡ್‌ವೇರ್. ಕಾರ್ಡ್ ಪ್ರೊಸೆಸರನ್ನು ಕೇಳದೆ ತಾನೇ ಮೆಮೊರಿಗೆ ಕೈ ಹಾಕುತ್ತದೆ. ಹಾಗೇ ಬಿಟ್ಟರೆ ಒಳಗಿನ ವಿಂಡೋಸ್ ಹೇಳಿದ ವಿಳಾಸಕ್ಕೆ ಬರೆಯಲು ಹೋಗಿ ಹೊರಗಿನ ಲಿನಕ್ಸ್‌ನ ಮೆಮೊರಿಯನ್ನು ಕೆಡಿಸಬಹುದು. ಐಒಎಂಎಂಯು ಮಧ್ಯೆ ನಿಂತು ವಿಳಾಸ ಬದಲಿಸಿಕೊಡುತ್ತದೆ, ಗಡಿ ದಾಟಲು ಬಿಡುವುದಿಲ್ಲ. ಸಾಧನಗಳನ್ನು ಅದು ಗುಂಪು ಗುಂಪಾಗಿ ನೋಡುತ್ತದೆ. ಒಂದು ಗುಂಪಿನಲ್ಲಿರುವುದು ಒಟ್ಟಿಗೇ ಹೋಗಬೇಕು, ಹಾಗಾಗಿ ಕಾರ್ಡ್ ಜೊತೆ ಅದರ ಎಚ್‌ಡಿಎಂಐ ಆಡಿಯೊವನ್ನೂ ಕೊಡಬೇಕು. ಮದರ್‌ಬೋರ್ಡ್ ಕೊಳ್ಳುವ ಮುಂಚೆ ಈ ಗುಂಪುಗಳು ಹೇಗಿವೆ ಅಂತ ವಿಚಾರಿಸಿ, ದಯವಿಟ್ಟು.

ಸಾಧನವನ್ನು ಹೀಗೆ ವರ್ಚುವಲ್ ಮಷಿನ್‌ಗೆ ಒಪ್ಪಿಸುವ ವಿಎಫ್‌ಐಒ ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಬಂದಿದ್ದು 2012ರಲ್ಲಿ, 3.6ನೇ ಆವೃತ್ತಿಯ ಜೊತೆ. ತನ್ನ ಜಿಫೋರ್ಸ್ ಕಾರ್ಡ್‌ಗಳನ್ನು ಹೀಗೆ ವರ್ಚುವಲ್ ಮಷಿನ್‌ಗೆ ಕೊಡುವುದನ್ನು ಎನ್‌ವಿಡಿಯಾ ಕಂಪನಿ ಅಧಿಕೃತವಾಗಿ ಒಪ್ಪಿದ್ದು 2021ರಲ್ಲಿ. ಅದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಕಾರ್ಡ್ 'ಕೋಡ್ 43' ಅನ್ನೋ ದೋಷ ತೋರಿಸಿ ನಿಂತುಬಿಡುತ್ತಿತ್ತು. ಇದು ವರ್ಚುವಲ್ ಮಷಿನ್ ಅನ್ನೋದನ್ನೇ ಡ್ರೈವರ್‌ನಿಂದ ಮುಚ್ಚಿಟ್ಟು ಜನ ಕೆಲಸ ಸಾಗಿಸುತ್ತಿದ್ದರು. ದುಡ್ಡು ಕೊಟ್ಟು ತಂದ ಕಾರ್ಡ್ ಎಲ್ಲಿ ಓಡಬೇಕು ಅನ್ನೋದು ಕೊಂಡವರ ಇಷ್ಟ, ಅಲ್ವಾ?

ಮುಂದೆ ಲುಕಿಂಗ್ ಗ್ಲಾಸ್ ಅನ್ನೋ ಸಾಫ್ಟ್‌ವೇರ್ ಹಾಕಬೇಕು. ಆಗ ಎರಡನೇ ಮಾನಿಟರ್ ಬೇಡ, ವಿಂಡೋಸ್ ಪರದೆ ಲಿನಕ್ಸ್‌ನ ಒಂದು ವಿಂಡೋದಲ್ಲೇ ತೆರೆದುಕೊಳ್ಳುತ್ತದೆ.