ಲಂಡನ್‌ನಲ್ಲಿ ವಾರಾಂತ್ಯ, ಜೊತೆಗೊಂದು ಸ್ಟ್ರಾಲರ್

ಶನಿವಾರ, ಭಾನುವಾರ ಲಂಡನ್ ನೋಡಿ ಬರೋಣ ಅಂತ ಯೋಚನೆ ಇದೆಯಾ? ಜೊತೆಗೆ ಚಿಕ್ಕ ಮಕ್ಕಳಿದ್ದಾರಾ? ಹಾಗಾದರೆ ನೋಡಬೇಕಾದ ಜಾಗಗಳ ಪಟ್ಟಿಯನ್ನು ಮೊದಲು ಅರ್ಧ ಮಾಡಿ. ಆಮೇಲೆ ಅದರಲ್ಲೂ ಅರ್ಧ ಹೊಡೆದುಹಾಕಿ. ನಮ್ಮ ಮಗಳಿಗೆ ಆರು, ಮಗನಿಗೆ ಮೂರು. ನಾವು ದಿನಕ್ಕೆ ಒಂದೇ ದೊಡ್ಡ ಜಾಗ ಅಂತ ಇಟ್ಟುಕೊಂಡೆವು. ಉಳಿದ ಹೊತ್ತೆಲ್ಲ ಬಸ್ಸು, ರೈಲು, ದೋಣಿ, ಪಾರ್ಕು. ಈ ವಯಸ್ಸಿನವರಿಗೆ ಓಡಾಟವೇ ಲಂಡನ್. ಮ್ಯೂಸಿಯಂ ಅನ್ನೋದು ನಡುವೆ ಬರುವ ಸ್ಟಾಪ್ ಅಷ್ಟೇ.

ಬ್ರಿಟನ್ ಒಳಗಿನಿಂದಲೇ ರೈಲಿನಲ್ಲಿ ಬರುವವರು 'ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್' ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ದೊಡ್ಡವರ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ, ಮಕ್ಕಳದ್ದರಲ್ಲಿ ಶೇ. 60 ಕಡಿಮೆ ಆಗುತ್ತದೆ. ಜೊತೆಯಲ್ಲಿ 5ರಿಂದ 15 ವರ್ಷದ ಒಂದು ಮಗುವಾದರೂ ಇರಬೇಕು. ಐದರೊಳಗಿನವರಿಗೆ ಟಿಕೆಟ್ಟೇ ಬೇಡ, ಆದರೆ ರೈಲು ತುಂಬಿದ್ದರೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಇನ್ನೊಂದು ಮಾತು. ಹಳಿ ರಿಪೇರಿ ಕೆಲಸವೆಲ್ಲ ಇಲ್ಲಿ ಹೆಚ್ಚಾಗಿ ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ. ಟ್ಯೂಬ್, ಅಂದರೆ ಲಂಡನ್ ಮೆಟ್ರೊದ ಇಡೀ ಲೈನೇ ಬಂದ್ ಆಗಿರಬಹುದು. ಶುಕ್ರವಾರ ರಾತ್ರಿ ಲಂಡನ್ ಸಾರಿಗೆ ಸಂಸ್ಥೆ ಟಿಎಫ್‌ಎಲ್‌ನ ವೆಬ್‌ಸೈಟ್ ಒಮ್ಮೆ ನೋಡಿಯೇ ಮಲಗಿ.

ಊರೊಳಗೆ ಓಡಾಡೋದು ಅಷ್ಟೇನೂ ದುಬಾರಿ ಅಲ್ಲ. 11 ವರ್ಷದೊಳಗಿನವರಿಗೆ ಬಸ್ಸು ಫ್ರೀ. ಟಿಕೆಟ್ ಇರುವ ದೊಡ್ಡವರೊಬ್ಬರ ಜೊತೆ ನಾಲ್ಕು ಮಕ್ಕಳವರೆಗೆ ಟ್ಯೂಬ್ ಕೂಡ ಫ್ರೀ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳೋದನ್ನು 2014ರಲ್ಲೇ ನಿಲ್ಲಿಸಿದ್ದಾರೆ, ಕಾರ್ಡ್ ಅಥವಾ ಫೋನ್ ತೋರಿಸಬೇಕು. ದೊಡ್ಡವರು ಒಬ್ಬೊಬ್ಬರೂ ಬೇರೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ದಿನವಿಡೀ ಅದೇ ಕಾರ್ಡ್ ಬಳಸಿ, ಆಗ ದಿನದ ಗರಿಷ್ಠ ಮಿತಿ ದಾಟಿ ದುಡ್ಡು ಹೋಗಲ್ಲ.

ದುಡ್ಡಿಗಿಂತ ದೊಡ್ಡ ತಲೆನೋವು ಮೆಟ್ಟಿಲು. ಟ್ಯೂಬ್ ಹಳೆಯದು. ಲಿಫ್ಟ್ ಇಲ್ಲದ ಸ್ಟೇಷನ್‌ಗಳೇ ಜಾಸ್ತಿ. ನಿದ್ದೆ ಹೋದ ಮಗು ಸಮೇತ ಸ್ಟ್ರಾಲರ್ ಹೊತ್ತು ಹತ್ತೋದು ಸುಮ್ನೆ ಮಾತಲ್ಲ. ಮೆಟ್ಟಿಲಿಲ್ಲದ ಸ್ಟೇಷನ್‌ಗಳ ಮ್ಯಾಪ್ ಬೇರೆಯೇ ಸಿಗುತ್ತದೆ, ಫೋನಿನಲ್ಲಿ ಇಳಿಸಿಕೊಳ್ಳಿ. ಕಿಂಗ್ಸ್ ಕ್ರಾಸ್, ಗ್ರೀನ್ ಪಾರ್ಕ್, ವೆಸ್ಟ್‌ಮಿನ್‌ಸ್ಟರ್‌ಗಳಲ್ಲಿ ತೊಂದರೆ ಇಲ್ಲ. ಹೋಟೆಲ್ ಹುಡುಕುವಾಗಲೂ ರೂಮು ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಪಕ್ಕದ ಸ್ಟೇಷನ್‌ನಲ್ಲಿ ಲಿಫ್ಟ್ ಇದೆಯಾ ಅಂತ ಮೊದಲು ನೋಡಿ.

ಸಮಯ ಇದ್ದರೆ ಬಸ್ಸೇ ವಾಸಿ. ಡಬಲ್ ಡೆಕ್ಕರ್ ಮಹಡಿಯ ಮುಂದಿನ ಸೀಟು ಸಿಕ್ಕರೆ ಅರ್ಧ ಗಂಟೆ ಮಕ್ಕಳ ಗಲಾಟೆ ಇರಲ್ಲ. ಆದರೆ ಸ್ಟ್ರಾಲರ್ ಮೇಲೆ ಹೋಗಲ್ಲ, ಅದರ ಜೊತೆ ಒಬ್ಬರು ಕೆಳಗೇ ಇರಬೇಕು. ನಾವು ಸರದಿ ಹಾಕಿಕೊಂಡೆವು. ಗಾಲಿಕುರ್ಚಿಯವರು ಹತ್ತಿದರೆ ಜಾಗ ಅವರದ್ದು, ಸ್ಟ್ರಾಲರ್ ಮಡಚಬೇಕಾಗುತ್ತದೆ. ಒಂದೇ ಕೈಯಲ್ಲಿ ಮಡಚಲು ಬರುವಂಥದ್ದನ್ನೇ ತನ್ನಿ.

ಶನಿವಾರಕ್ಕೆ ನಾವು ಆರಿಸಿದ್ದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಪ್ರವೇಶ ಉಚಿತ, ಆದರೂ ಸಮಯ ಹಾಕಿದ ಟಿಕೆಟ್ ಮೊದಲೇ ಬುಕ್ ಮಾಡಿ. ಹತ್ತಕ್ಕೆ ಬಾಗಿಲು ತೆರೆಯುತ್ತದೆ. ಹನ್ನೊಂದರ ಮೇಲೆ ಹೋದರೆ ಜಾತ್ರೆ. ದೊಡ್ಡ ಹಾಲ್‌ನಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುಹಾಕಿದ್ದಾರೆ, 25 ಮೀಟರ್‌ಗಿಂತ ಉದ್ದ. ಬಾಯಿ ತೆರೆದುಕೊಂಡು ಮೇಲಿಂದ ಧುಮುಕುತ್ತಿರುವ ಹಾಗಿದೆ. ಮಗಳು ಅದರ ಕೆಳಗೆ ನಿಂತು ಕತ್ತೆತ್ತಿ, "ಇದು ನಮ್ಮನ್ನ ನೋಡ್ತಿದೆಯಾ?" ಅಂದಳು. ಡೈನೋಸಾರ್ ವಿಭಾಗಕ್ಕೆ ಮೂರು ವರ್ಷದವರನ್ನು ಕರೆದೊಯ್ಯುವ ಮುಂಚೆ ಸ್ವಲ್ಪ ಯೋಚಿಸಿ. ಅಲ್ಲಿನ ಟಿ. ರೆಕ್ಸ್ ತಲೆ ತಿರುಗಿಸುತ್ತದೆ, ಗುರುಗುಟ್ಟುತ್ತದೆ. ಮಗ ನನ್ನ ಕುತ್ತಿಗೆಗೆ ಜೋತುಬಿದ್ದವನು ಹೊರಗೆ ಬರುವವರೆಗೂ ಬಿಡಲಿಲ್ಲ. ಊಟದ ಹೊತ್ತಿಗೆ ಕೆಫೆ ಕ್ಯೂ ನಿಲ್ಲುವ ಬದಲು ಬುತ್ತಿ ಕಟ್ಟಿಕೊಂಡು ಹೋಗಿ.

ಪಕ್ಕದಲ್ಲೇ ಸೈನ್ಸ್ ಮ್ಯೂಸಿಯಂ. ಅದೂ ಉಚಿತ. ಎರಡನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ಮಳೆ ಹಿಡಿದುಕೊಂಡರೆ ಮಾತ್ರ ನೆಲಮಾಳಿಗೆಯ 'ದ ಗಾರ್ಡನ್'ಗೆ ಹೋಗಿ. 3ರಿಂದ 6 ವರ್ಷದವರಿಗೆಂದೇ ಮಾಡಿದ ಜಾಗ, ನೀರಾಟವೂ ಇದೆ.

ಮಧ್ಯಾಹ್ನ ಸೇಂಟ್ ಜೇಮ್ಸ್ ಪಾರ್ಕ್‌ಗೆ ಹೋದೆವು. ಅಲ್ಲಿ 1664ರಿಂದ ಪೆಲಿಕನ್‌ಗಳಿವೆ, ಮೊದಲನೆಯವು ರಷ್ಯಾದ ರಾಯಭಾರಿ ಕೊಟ್ಟ ಉಡುಗೊರೆ. ಎರಡೂವರೆಯಿಂದ ಮೂರರ ಒಳಗೆ ಅವಕ್ಕೆ ಮೀನು ಹಾಕುತ್ತಾರೆ. ಕೊಕ್ಕಿನ ಚೀಲದೊಳಗೆ ಮೀನು ಒದ್ದಾಡೋದು ಹೊರಗಿನಿಂದಲೇ ಕಾಣುತ್ತದೆ! ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲು ಬದಲಾಗೋದನ್ನು ನೋಡಲು ಹೋದರೆ ಮಕ್ಕಳಿಗೆ ಕಾಣೋದು ಜನರ ಬೆನ್ನು ಮಾತ್ರ. ಅದರ ಬದಲು ವೈಟ್‌ಹಾಲ್‌ನ ಹಾರ್ಸ್ ಗಾರ್ಡ್ಸ್‌ಗೆ ಹೋಗಿ, ಹಗಲಿನಲ್ಲಿ ಕುದುರೆ ಮೇಲೆ ಕೂತ ಸೈನಿಕರು ಹತ್ತಿರದಲ್ಲೇ ಕಾಣುತ್ತಾರೆ. ಕುದುರೆ ಒದೆಯುತ್ತದೆ, ಕಚ್ಚುತ್ತದೆ ಅಂತ ಬೋರ್ಡ್ ಇದೆ. ಮುಟ್ಟಲು ಹೋಗಬೇಡಿ.

ಲಂಡನ್ ಐ ಅನ್ನೋ ದೊಡ್ಡ ತಿರುಗುವ ಚಕ್ರವನ್ನು ನಾವು ಹತ್ತಲಿಲ್ಲ. ಒಂದು ಸುತ್ತಿಗೆ ಅರ್ಧ ಗಂಟೆ, ಕ್ಯಾಪ್ಸೂಲ್ ಒಳಗೆ ಟಾಯ್ಲೆಟ್ ಇಲ್ಲ. ಮೂರು ವರ್ಷದವರನ್ನು ಸಾಕಿದವರಿಗೆ ಇಷ್ಟು ಹೇಳಿದರೆ ಸಾಕಲ್ವಾ?

ಭಾನುವಾರ ಗ್ರೀನಿಚ್. ಬ್ಯಾಂಕ್ ಸ್ಟೇಷನ್‌ನಲ್ಲಿ ಲೂಯಿಷಮ್ ಕಡೆಯ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ಹತ್ತಿ, ಕಟ್ಟಿ ಸಾರ್ಕ್‌ನಲ್ಲಿ ಇಳಿಯಿರಿ. ಡಿಎಲ್‌ಆರ್ ರೈಲಿಗೆ ಚಾಲಕರ ಕ್ಯಾಬಿನ್ ಇಲ್ಲ, ಹಾಗಾಗಿ ಮುಂದಿನ ಗಾಜಿನ ಪಕ್ಕವೇ ಪ್ರಯಾಣಿಕರ ಸೀಟು. ಅದಕ್ಕಾಗಿ ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಕಾದರೂ ನಷ್ಟವಿಲ್ಲ. ಸುರಂಗದಿಂದ ಹೊರಬಿದ್ದು, ಕೆನರಿ ವಾರ್ಫ್‌ನ ಎತ್ತರದ ಕಟ್ಟಡಗಳ ನಡುವೆ ನುಗ್ಗಿ, ಕೊನೆಗೆ ಥೇಮ್ಸ್ ನದಿಯ ಅಡಿಯಲ್ಲೇ ಹೋಗುತ್ತದೆ. ಇಬ್ಬರೂ ಇಲ್ಲದ ಸ್ಟಿಯರಿಂಗ್ ತಿರುಗಿಸಿದ್ದೇ ತಿರುಗಿಸಿದ್ದು. ಸ್ಟೇಷನ್‌ಗಳಲ್ಲೆಲ್ಲ ಮೆಟ್ಟಿಲು ಹತ್ತದೇ ಓಡಾಡಬಹುದು, ಅದೂ ಒಂದು ನೆಮ್ಮದಿ. ಗ್ರೀನಿಚ್ ಪಾರ್ಕ್‌ನಲ್ಲಿ ಮಕ್ಕಳ ಆಟದ ಜಾಗ ಇದೆ. ವಾಪಸ್ ದೋಣಿಯಲ್ಲಿ ಬನ್ನಿ. ಟವರ್ ಬ್ರಿಜ್ ಕೆಳಗೆ ಹಾದು ವೆಸ್ಟ್‌ಮಿನ್‌ಸ್ಟರ್ ತನಕ ಬರುತ್ತದೆ, ದೋಣಿಯಲ್ಲಿ ಟಾಯ್ಲೆಟ್ಟೂ ಇದೆ. ಐದರೊಳಗಿನವರಿಗೆ ದುಡ್ಡಿಲ್ಲ.

ಟಾಯ್ಲೆಟ್ ವಿಷಯ ಬಂತು, ಹೇಳಿಬಿಡುತ್ತೇನೆ. ಟ್ಯೂಬ್ ಸ್ಟೇಷನ್‌ಗಳನ್ನು ನಂಬಬೇಡಿ, ಎಷ್ಟೋ ಕಡೆ ಇರಲ್ಲ. ಕಿಂಗ್ಸ್ ಕ್ರಾಸ್, ಯೂಸ್ಟನ್, ವಾಟರ್ಲೂ ಥರದ ದೊಡ್ಡ ರೈಲು ನಿಲ್ದಾಣಗಳಲ್ಲಿ ಇದೆ, 2019ರಿಂದ ಉಚಿತ.

ಹೊರಡುವ ರೈಲು ಕಿಂಗ್ಸ್ ಕ್ರಾಸ್‌ನಿಂದ ಇದ್ದರೆ ಒಂದೂವರೆ ಗಂಟೆ ಮೊದಲೇ ಅಲ್ಲಿಗೆ ಬನ್ನಿ. ಕಡಿಮೆ ದರದ 'ಅಡ್ವಾನ್ಸ್' ಟಿಕೆಟ್ ಬುಕ್ ಮಾಡಿದ ರೈಲಿಗೆ ಮಾತ್ರ ನಡೆಯುತ್ತದೆ, ತಪ್ಪಿಸಿಕೊಂಡರೆ ಕಷ್ಟ. ಕಾಯುವ ಹೊತ್ತು ಕಳೆಯಲು ನಿಲ್ದಾಣದ ಹಿಂದೆಯೇ ಗ್ರಾನರಿ ಸ್ಕ್ವೇರ್ ಇದೆ. ನೆಲದಿಂದ ಚಿಮ್ಮುವ 1,080 ಕಾರಂಜಿಗಳು. ಬಿಸಿಲಿನ ದಿನ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬರೀ ನೋಡ್ತೀವಿ ಅಂತ ಮಕ್ಕಳು ಹೇಳಿದರೆ ನಂಬಬೇಡಿ. ಟವೆಲ್ಲು, ಒಣ ಬಟ್ಟೆ ಬ್ಯಾಗಿನ ತಳದಲ್ಲಿ ಬೇಡ, ಮೇಲೇ ಇರಲಿ.