ಲಕ್ಕವಳ್ಳಿಗೆ ದೊಡ್ಡಪ್ಪನ ಜೊತೆ

ತರೀಕೆರೆಯಲ್ಲಿ ಇಡ್ಲಿ ತಿಂದು ಲಕ್ಕವಳ್ಳಿ ರಸ್ತೆ ಹಿಡಿದಾಗ ಜಡಿಮಳೆ. ಪಕ್ಕದ ಸೀಟಿನಲ್ಲಿ ದೊಡ್ಡಪ್ಪ, ಮಡಿಲಲ್ಲಿ ಛತ್ರಿ. ದಾವಣಗೆರೆ ಕಡೆ ಭದ್ರಾ ನಾಲೆಯ ಕೊನೆ ಭಾಗದಲ್ಲಿ ಅವರ ಗದ್ದೆ. ನಾನು ಬಂದದ್ದು ಕಾಡು ನೋಡೋಕೆ. ಅವರು ಬಂದದ್ದು ಲಕ್ಕವಳ್ಳಿಯ ಭದ್ರಾ ಡ್ಯಾಮಿನ ಗೇಟು ನೋಡೋಕೆ!

ಕಾರಣ ಇತ್ತು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನಲ್ಲಿ ಚೈನು ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತಲ್ಲ, ಅಂದಿನಿಂದ ದೊಡ್ಡಪ್ಪನಿಗೆ ಒಂದೇ ಚಿಂತೆ. ಭದ್ರೆಯ ನೀರು ಕೂಡಲಿಯಲ್ಲಿ ತುಂಗೆಯನ್ನು ಸೇರಿ ಕೊನೆಗೆ ಹೋಗುವುದೂ ಅಲ್ಲಿಗೇ. 'ಅದಕ್ಕೆ ಎಪ್ಪತ್ತು ವರ್ಷ ಆಗಿತ್ತು. ನಮ್ಮದೇನು ಚಿಕ್ಕದಾ?' ಅಂತಾರೆ. ಚಿಕ್ಕದಲ್ಲ. ಭದ್ರಾ ಡ್ಯಾಮಿನ ಕೆಲಸ ಮುಗಿದದ್ದು 1960ರ ದಶಕದಲ್ಲಿ.

ತಿರುವಿನಲ್ಲಿ ಗೋಡೆ ಕಂಡಿತು. ಮಳೆಗೆ ಕಪ್ಪಾಗಿ, ಎರಡು ಗುಡ್ಡಗಳ ನಡುವೆ ಸುಮ್ನೆ ಕೂತಿತ್ತು. ತುಂಬಿದರೆ ಹಿಂದೆ 71.5 ಟಿಎಂಸಿ ನೀರು. ಇಷ್ಟನ್ನೂ ತಡೆಯುವುದು ಯಾವ ಜಾಣತನವೂ ಅಲ್ಲ, ಬರೀ ತೂಕ. ನೀರು ತಳ್ಳುತ್ತದೆ, ಕಲ್ಲು ಅಲುಗುವುದಿಲ್ಲ. ಆದರೆ ನೀರು ಅಡಿಪಾಯಕ್ಕೂ ನುಗ್ಗಿ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಲು ನೋಡುತ್ತದೆ. ಅದಕ್ಕೇ ಇಂಥ ಡ್ಯಾಮುಗಳ ಹೊಟ್ಟೆಯೊಳಗೆ ಸುರಂಗದಂಥ ಗ್ಯಾಲರಿ ಇರುತ್ತದೆ. ಅಲ್ಲಿ ರಂಧ್ರ ಕೊರೆದು ಆ ನೀರನ್ನು ಹೊರಗೆ ಬಿಡುತ್ತಾರೆ, ದಿನಾ ಅಳೆಯುತ್ತಾರೆ. ಜಿನುಗುವುದು ಕಂಡರೆ ನಮಗೆ ಭಯ. ಬಲ್ಲವರು ಹೆದರುವುದು ನಿನ್ನೆಗಿಂತ ಇವತ್ತು ಜಾಸ್ತಿ ಬಂದರೆ, ಇಲ್ಲವೇ ಮಣ್ಣು ಕಲೆತು ಬಂದರೆ.

'ಕಲ್ಲಿಗೆ ಏನಾಗಲ್ಲ ಬಿಡಪ್ಪಾ, ಚೈನು ನೋಡ್ಬೇಕು' ಅಂದರು ದೊಡ್ಡಪ್ಪ. ಅರ್ಧ ನಿಜ. ಕಲ್ಲುಗಳ ನಡುವಿನ ಗಾರೆಯ ಸುಣ್ಣವನ್ನು ನೀರು ವರ್ಷಗಟ್ಟಲೆ ಕರಗಿಸುತ್ತಲೇ ಇರುತ್ತದೆ. ಹಳೇ ಕಟ್ಟೆಗಳ ಮೇಲಿನ ಬಿಳಿ ಗೆರೆ ಅದೇ. ಆದರೂ ತುಕ್ಕು ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಅಲ್ವಾ? ಹೊಸಪೇಟೆಯಲ್ಲಿ ಗೋಡೆ ಗಟ್ಟಿಯಾಗೇ ಇತ್ತು. ಹೋದದ್ದು ಚೈನು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಆ ಬಾಯಿ ಮುಚ್ಚಲು ಒಂದು ವಾರ ಬೇಕಾಯಿತು. ಅಷ್ಟರಲ್ಲಿ ಎಷ್ಟು ಬೆಳೆಯ ನೀರು ಹೋಯಿತೋ!

ಗೇಟುಗಳ ಹತ್ತಿರ ನಮ್ಮನ್ನು ಬಿಡಲಿಲ್ಲ. ಬಿಡಬಾರದು ಕೂಡ. ದೂರದಿಂದಲೇ ದೊಡ್ಡಪ್ಪ 'ಒಂದು, ಎರಡು, ಮೂರು, ನಾಲ್ಕು' ಎಂದು ಎಣಿಸಿದರು. ತುಂಗಭದ್ರೆಗೆ 33 ಗೇಟು, ಇಲ್ಲಿ ನಾಲ್ಕೇ. ಅದರಿಂದ ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ವಿದ್ಯುತ್ ಇಲ್ಲಿ ಉಪಕಸುಬು. ಎಲ್ಲ ಘಟಕ ಸೇರಿ 39.2 ಮೆಗಾವಾಟ್. ಶರಾವತಿಯ 1035ರ ಮುಂದೆ ಎಷ್ಟರದು! ಗದ್ದೆಗೆ ಹೊರಟ ನೀರೇ ದಾರಿಯಲ್ಲಿ ಟರ್ಬೈನು ತಿರುಗಿಸಿ ಹೋಗುತ್ತದೆ. ಈ ಜಿಪುಣತನ ನನಗೆ ಇಷ್ಟ.

ಹಿನ್ನೀರಿನ ಕಡೆ ಹೋದರೆ ಎಲ್ಲೆಲ್ಲೂ ನೀರು. ಬೇಸಿಗೆಯಲ್ಲಿ ಇಲ್ಲಿ ನಡುಗಡ್ಡೆಗಳು ಮೇಲೇಳುತ್ತವೆ, ರಿವರ್ ಟರ್ನ್ ಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ಈಗ ಒಂದು ರೆಕ್ಕೆಯೂ ಇಲ್ಲ. ನನ್ನ ಕ್ಯಾಮೆರಾ ಬ್ಯಾಗಿನಲ್ಲೇ ಉಳಿಯಿತು.

ವಾಪಸ್ ಬರುವಾಗ ಚಹಾ ಅಂಗಡಿಯವನನ್ನು ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. ಡ್ಯಾಮು ತುಂಬುವ ಮಟ್ಟ 186 ಅಡಿ, ಅದನ್ನು ಮುಟ್ಟೋಕೆ ಇನ್ನೆಷ್ಟು ಬಾಕಿ? ಉತ್ತರ ಕೇಳಿ ಮನೆಗೆ ಫೋನು ಹಚ್ಚಿದರು. 'ಸಸಿಮಡಿ ರೆಡಿ ಇದ್ರೆ ನಾಟಿಗೆ ಆಳು ಹೇಳಿಬಿಡು.'