ಎಣ್ಣೆಯಲ್ಲಿ ಕಾಗದದ ವಯಸ್ಸು

ಇವತ್ತು ಒಂದು ಹಳೇ ಟ್ರಾನ್ಸ್‌ಫಾರ್ಮರ್‌ನ ಎಣ್ಣೆ ಪರೀಕ್ಷೆಗೆ ಬಂತು. ಹೊಸ ಎಣ್ಣೆ ತಿಳಿಯಾಗಿ, ಬಣ್ಣವೇ ಇಲ್ಲದ ಹಾಗಿರುತ್ತದೆ. ಇದು ಕಡು ಕಂದು. ಮುಚ್ಚಳ ತೆಗೆದರೆ ಸುಟ್ಟ ವಾಸನೆ.

ಮೊದಲು ನೋಡುವುದು ಎಣ್ಣೆ ಕೆಡುವಾಗ ಹುಟ್ಟಿ ಅದರಲ್ಲೇ ಕರಗಿದ ಅನಿಲಗಳನ್ನು. ಗಾಜಿನ ಸಿರಿಂಜಿನಲ್ಲಿ ಒಂದು ಗುಳ್ಳೆಯೂ ಸೇರದ ಹಾಗೆ ಎಣ್ಣೆ ತಂದಿರಬೇಕು. ಹೈಡ್ರೋಜನ್, ಮೀಥೇನ್, ಎಥಿಲೀನ್ ಇದ್ದರೆ ಪ್ರಮಾಣ ಅಳೆಯುತ್ತೇನೆ. ಅಸಿಟಿಲೀನ್ ಕಂಡರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಅದು ಸುಮ್ನೆ ಹುಟ್ಟುವುದಿಲ್ಲ, ವಿಪರೀತ ಶಾಖ ಇಲ್ಲವೇ ಕಿಡಿ ಬೇಕು.

ಆದರೆ ನನ್ನನ್ನು ಜಾಸ್ತಿ ಕಾಡುವುದು ಫ್ಯುರಾನ್ ಎಂಬ ರಾಸಾಯನಿಕ. ಒಳಗಿನ ತಾಮ್ರದ ಸುರುಳಿಗೆ ಕಾಗದ ಸುತ್ತಿರುತ್ತಾರೆ. ಹೊಸ ಕಾಗದದ ಸೆಲ್ಯುಲೋಸ್ ಸರಪಳಿಯಲ್ಲಿ ಸುಮಾರು 1000 ಗ್ಲೂಕೋಸ್ ಕೊಂಡಿಗಳು. ಶಾಖ, ನೀರು, ಆಮ್ಲ ಸೇರಿ ಅದನ್ನು ತುಂಡು ಮಾಡುತ್ತಾ ಹೋಗುತ್ತವೆ. ಕೊಂಡಿಗಳು 200ರ ಹತ್ತಿರ ಬಂದರೆ ಮುಗೀತು, ಕಾಗದ ಮುಟ್ಟಿದರೆ ಪುಡಿ. ಹಾಗೆ ಮುರಿಯುವಾಗ ಹುಟ್ಟುವ ಫ್ಯುರಾನ್ ಎಣ್ಣೆಗೆ ಇಳಿಯುತ್ತದೆ. ಟ್ಯಾಂಕ್ ಬಿಚ್ಚದೆಯೇ ಕಾಗದದ ಸ್ಥಿತಿ ತಿಳಿಯುತ್ತದೆ, ಎಷ್ಟು ಚೆಂದ ಅಲ್ವಾ?

ಎಣ್ಣೆಯನ್ನು ಶುದ್ಧ ಮಾಡಬಹುದು, ಬದಲಿಸಲೂಬಹುದು. ಕಾಗದಕ್ಕೆ ಆ ಭಾಗ್ಯವಿಲ್ಲ. ಇನ್ನೊಂದು ವಿಷಯ: ಎಣ್ಣೆ ಬದಲಿಸಿದರೆ ಅದರಲ್ಲಿದ್ದ ಫ್ಯುರಾನ್ ಕೂಡ ಹೋಗುತ್ತದೆ. ಹಳೇ ಕಾಗದ ಹೊಸದರಂತೆ ಕಾಣಿಸಿಬಿಡುತ್ತದೆ. ಅದಕ್ಕೇ ಬದಲಿಸುವ ಮುಂಚೆ ಒಂದು ಸ್ಯಾಂಪಲ್ ತೆಗೆದಿಡಿ ಅಂತ ಎಲ್ಲರಿಗೂ ಹೇಳುತ್ತಿರುತ್ತೇನೆ.

ಇವತ್ತಿನದರಲ್ಲಿ ಅಸಿಟಿಲೀನ್ ಇರಲಿಲ್ಲ. ಫ್ಯುರಾನ್ ಕಳೆದ ಸಲಕ್ಕಿಂತ ಏರಿದೆ. ಮೂರು ತಿಂಗಳಿಗೆ ಮತ್ತೆ ಕಳಿಸಿ ಎಂದು ವರದಿಯಲ್ಲಿ ಬರೆದೆ.